ಹಿರಿಯರ ವಯಸ್ಸು ನೋಡಿ ಹಾಕಿಕೊಂಡ ದಾರಿ

ನಿವೃತ್ತಿಯಾದ ಮೇಲೆ ಕಾರಿನಲ್ಲಿ ಊರೂರು ಸುತ್ತಬೇಕು ಅಂತ ನಾನೂ ನಮ್ಮವರೂ ಮೊದಲಿನಿಂದ ಅಂದುಕೊಂಡಿದ್ದೆವು. ಆದರೆ ನೋಡುವ ಜಾಗಗಳ ಪಟ್ಟಿ ಮಾಡಲು ಕೂತರೆ ಇಬ್ಬರ ಬಾಯಿಗೂ ಬಂದದ್ದು ಬರೀ ಮನುಷ್ಯರ ಹೆಸರು. ಅವರ ಚಿಕ್ಕಮ್ಮ, ನನ್ನ ಸೋದರಮಾವ, ಮದುವೆಯಾಗಿ ದೂರ ಹೋದ ನಾದಿನಿ, ಮಗನ ಜೊತೆ ಇರಲು ಮನೆ ಖಾಲಿ ಮಾಡಿಕೊಂಡು ಹೋದ ದೊಡ್ಡಪ್ಪನ ಮಗ. 'ಬರ್ತೀವಿ, ಖಂಡಿತ ಬರ್ತೀವಿ' ಅಂತ ಹೇಳುತ್ತಲೇ ವರ್ಷಗಟ್ಟಲೆ ಹೋಗದೆ ಉಳಿದ ಮನೆಗಳು. ಹಾಗಾದರೆ ಅಲ್ಲಿಗೇ ಹೋಗೋಣ ಅಂತ ತೀರ್ಮಾನವಾಯಿತು.

ದಾರಿ ಹಾಕುವಾಗ ಮೊದಲು ಮ್ಯಾಪ್ ತೆಗೆಯಲಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಹೆಸರುಗಳನ್ನು ವಯಸ್ಸಿನ ಪ್ರಕಾರ ಬರೆದೆವು. ಎಲ್ಲರಿಗಿಂತ ಹಿರಿಯರು, ಆರೋಗ್ಯ ಕೆಟ್ಟವರು, ಮರೆವು ಶುರುವಾದವರು ಮೇಲೆ. ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುವವರು ಕೆಳಗೆ. ಆಮೇಲೆ ಮ್ಯಾಪ್ ಹಿಡಿದು ಆ ಸಾಲಿಗೆ ರಸ್ತೆ ಜೋಡಿಸಿದೆವು. ಇದರಿಂದ ಸುತ್ತು ಜಾಸ್ತಿಯಾಯಿತು, ಪೆಟ್ರೋಲೂ ಜಾಸ್ತಿ ಹೋಯಿತು. ಒಂದೆರಡು ಕಡೆ ಹೋದ ದಾರಿಯಲ್ಲೇ ಹಿಂದಕ್ಕೆ ಬರಬೇಕಾಯಿತು. ಆದರೆ ಚಿಕ್ಕಮ್ಮ ಇನ್ನೂ ಎದ್ದು ಬಂದು ಬಾಗಿಲು ತೆಗೆಯುವಂತಿರುವಾಗ ಅವರ ಮನೆ ತಲುಪುವುದು ನಮಗೆ ಮುಖ್ಯವಾಗಿತ್ತು. ಕಿಲೋಮೀಟರ್ ಉಳಿಸುವುದು ಆಮೇಲಿನ ಮಾತು.

ಫೋನ್ ಯಾರಿಗೆ ಮಾಡಬೇಕು ಅನ್ನುವುದೂ ಯೋಚಿಸಬೇಕಾದ ವಿಷಯ. ಸೋದರಮಾವನಿಗೆ ಮಾಡಿದರೆ 'ಒಂದು ತಿಂಗಳು ಇದ್ದು ಹೋಗಿ' ಅನ್ನುತ್ತಾರೆ, ಪ್ರೀತಿಯಿಂದಲೇ. ಆದರೆ ಆ ಮನೆ ನಡೆಸುವವಳು ಅವರ ಸೊಸೆ. ಅವಳಿಗೂ ಕೆಲಸ ಇದೆ, ಮಕ್ಕಳ ಪರೀಕ್ಷೆ ಇದೆ, ಮಾವನ ಔಷಧಿ ನೋಡಿಕೊಳ್ಳುವವಳೂ ಅವಳೇ. ಹಾಗಾಗಿ ಪ್ರತಿ ಮನೆಯಲ್ಲೂ ಹಿರಿಯರಿಗೆ ಒಂದು ಫೋನ್, ಮನೆ ನಡೆಸುವವರಿಗೆ ಬೇರೆಯೇ ಒಂದು ಫೋನ್ ಮಾಡಿದೆ. 'ನೋಡಮ್ಮ, ಆ ವಾರ ನಿನಗೆ ಆಗುತ್ತಾ? ಆಗದಿದ್ದರೆ ಈಗಲೇ ಹೇಳು, ನಮ್ಮ ಕಡೆ ಏನೂ ತೊಂದರೆ ಇಲ್ಲ' ಅಂತ ಬಿಡಿಸಿ ಕೇಳಿದೆ. ಒಬ್ಬಳು ನಿಜವಾಗಿಯೂ ಬೇರೆ ವಾರ ಹೇಳಿದಳು. ಹಿರಿಯರು ದಿನದಲ್ಲಿ ಯಾವ ಹೊತ್ತು ಚುರುಕಾಗಿರುತ್ತಾರೆ, ಯಾವಾಗ ಮಲಗುತ್ತಾರೆ, ನಮ್ಮ ಕೋಣೆಗೆ ಮೆಟ್ಟಿಲು ಇದೆಯಾ ಅನ್ನುವುದನ್ನೂ ಅವರಿಂದಲೇ ತಿಳಿದುಕೊಂಡೆ. ನನಗೆ ಮಂಡಿ ನೋವು ಇರುವುದರಿಂದ ಕೊನೆಯದು ಕೇಳಲೇಬೇಕಿತ್ತು.

ಎಷ್ಟು ದಿನ ಇರಬೇಕು ಅನ್ನುವುದರಲ್ಲಿ ನಾವು ಗಟ್ಟಿಯಾಗಿದ್ದೆವು. ಒಂದು ಮನೆಗೆ ಎರಡು ರಾತ್ರಿ. ಮೊದಲ ದಿನ ಯಾರ ಮಕ್ಕಳು ಎಲ್ಲಿದ್ದಾರೆ, ಯಾರಿಗೆ ಏನು ಕಾಯಿಲೆ ಅನ್ನುವುದರಲ್ಲೇ ಕಳೆದುಹೋಗುತ್ತದೆ. ನಿಜವಾದ ಮಾತು ಬರುವುದು ಎರಡನೇ ದಿನ. ಮೂರನೇ ದಿನಕ್ಕೆ ಮನೆಯವರಿಗೆ ಅವರ ದಿನಚರಿ ಬೇಕಾಗುತ್ತದೆ, ಅವರು ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ. ಎರಡು ಮೂರು ಮನೆ ಆದಮೇಲೆ ಒಂದು ರಾತ್ರಿ ಲಾಡ್ಜಿನಲ್ಲಿ ನಾವಿಬ್ಬರೇ. ಬಟ್ಟೆ ಒಗೆದುಕೊಳ್ಳಲು, ಕಾಲು ಚಾಚಿ ಮಲಗಲು, ಯಾರ ಜೊತೆಯೂ ಮಾತಾಡದೆ ಸುಮ್ನೆ ಇರಲು. ನಾವು ಇಷ್ಟು ಹತ್ತಿರ ಇರುವಾಗ ಲಾಡ್ಜ್ ಯಾಕೆ ಅಂತ ನಾದಿನಿ ಬೇಜಾರು ಮಾಡಿಕೊಂಡಳು. 'ನಿಮ್ಮಣ್ಣನ ಬೆನ್ನಿಗೆ ಒಂದು ದಿನ ಪೂರ್ತಿ ವಿಶ್ರಾಂತಿ ಬೇಕು' ಅಂದೆ. ನಿಜವೇ ಆಗಿತ್ತು.

ಕಾರು ಓಡಿಸುವುದು ಇಬ್ಬರಿಗೂ ಬರುತ್ತದೆ. ಕತ್ತಲಾದ ಮೇಲೆ ಮಾತ್ರ ಇಬ್ಬರೂ ಓಡಿಸಲಿಲ್ಲ. ಇದು ಹೆದರಿಕೆಯಿಂದ ಮಾಡಿದ ತೀರ್ಮಾನ ಅಲ್ಲ. ವಯಸ್ಸಾದಂತೆ ಕಣ್ಣಿನ ಪಾಪೆ ಚಿಕ್ಕದಾಗುತ್ತದೆ, ಒಳಗಿನ ಮಸೂರ ಹಳದಿಯಾಗುತ್ತದೆ. 60 ದಾಟಿದವರ ಕಣ್ಣಿನ ಪರದೆಗೆ ಮುಟ್ಟುವ ಬೆಳಕು 20ರ ವಯಸ್ಸಿನವರಿಗೆ ಹೋಲಿಸಿದರೆ ಸುಮಾರು ಮೂರನೇ ಒಂದು ಭಾಗ. ಎದುರಿನ ಗಾಡಿಯ ಲೈಟ್ ಕಣ್ಣಿಗೆ ಹೊಡೆದ ಮೇಲೆ ಮತ್ತೆ ಸರಿಯಾಗಿ ಕಾಣಲು ಜಾಸ್ತಿ ಹೊತ್ತು ಬೇಕಾಗುತ್ತದೆ. ಹೊರಡುವ ಮೊದಲು ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಪೊರೆ ಇದೆಯಾ ಅಂತ ಇಬ್ಬರೂ ನೋಡಿಸಿಕೊಂಡೆವು. ಬೆಳಕು ಹರಿದ ಮೇಲೆ ಹೊರಟು, ಮಧ್ಯಾಹ್ನದ ಊಟದ ಹೊತ್ತಿಗೆ ತಲುಪುವಷ್ಟು ದೂರವನ್ನೇ ಒಂದು ದಿನಕ್ಕೆ ಇಟ್ಟುಕೊಂಡೆವು. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಮೈ ತಾನಾಗಿಯೇ ತೂಕಡಿಕೆಗೆ ಜಾರುತ್ತದೆ. ಹೊಟ್ಟೆ ತುಂಬ ಉಂಡಿರಲಿ ಬಿಡಲಿ, ಅದು ದೇಹದ ಗಡಿಯಾರ. ಎಂದಾದರೂ ತಡವಾಗಿ ಆ ಹೊತ್ತಿನಲ್ಲಿ ರಸ್ತೆಯಲ್ಲಿದ್ದರೆ ಗಾಡಿ ನಿಲ್ಲಿಸಿ ಕಾಫಿ ಕುಡಿದು ತಕ್ಷಣ ಇಪ್ಪತ್ತು ನಿಮಿಷ ಕಣ್ಣು ಮುಚ್ಚುತ್ತಿದ್ದೆವು. ಕಾಫಿಯ ಗುಣ ಏರಲು ಅಷ್ಟು ಹೊತ್ತು ಹಿಡಿಯುತ್ತದೆ, ಏಳುವಾಗ ಎರಡೂ ಸೇರಿ ಕೆಲಸ ಮಾಡುತ್ತವೆ.

ಎರಡು ಗಂಟೆಗೊಮ್ಮೆ ಇಳಿದು ನಡೆಯುವುದನ್ನು ಒಂದು ದಿನವೂ ಬಿಡಲಿಲ್ಲ. ಗಂಟೆಗಟ್ಟಲೆ ಕೂತೇ ಇದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಇದೆ. ನಮ್ಮ ವಯಸ್ಸಿನಲ್ಲಿ ಅದು ಇನ್ನೂ ಜಾಸ್ತಿ. ನೀರಿನ ವಿಷಯವೂ ಹಾಗೇ. ವಯಸ್ಸಾದವರಿಗೆ ಬಾಯಾರಿಕೆ ಅಷ್ಟಾಗಿ ಗೊತ್ತಾಗುವುದಿಲ್ಲ. ಶೌಚಾಲಯ ಸಿಗುತ್ತದೋ ಇಲ್ಲವೋ ಅಂತ ಹೆಂಗಸರು ನೀರು ಕುಡಿಯುವುದನ್ನೇ ಬಿಡುತ್ತೇವೆ, ಅಲ್ವಾ? ಅದಕ್ಕೇ ಹಿಂದಿನ ರಾತ್ರಿಯೇ ಎಲ್ಲೆಲ್ಲಿ ನಿಲ್ಲಬಹುದು ಅಂತ ಗುರುತು ಹಾಕಿಟ್ಟುಕೊಳ್ಳುತ್ತಿದ್ದೆ.

ನಮ್ಮವರಿಗೆ ಇನ್ಸುಲಿನ್ ಇದೆ. ತೆರೆಯದ ಇನ್ಸುಲಿನ್ ಇಡಬೇಕಾದದ್ದು ಫ್ರಿಜ್ಜಿನಲ್ಲಿ, 2ರಿಂದ 8 ಡಿಗ್ರಿಯಲ್ಲಿ. ಬಳಸಲು ಶುರುಮಾಡಿದ್ದನ್ನು 30 ಡಿಗ್ರಿ ಮೀರದ ಹಾಗೆ ಹೊರಗೆ ಇಟ್ಟುಕೊಳ್ಳಬಹುದು. ಹೆಚ್ಚಿನವಕ್ಕೆ ಸುಮಾರು 28 ದಿನ, ಆದರೆ ಪೊಟ್ಟಣದ ಮೇಲಿನ ಸೂಚನೆ ಓದಿಯೇ ನಂಬಬೇಕು. ಬಿಸಿಲಲ್ಲಿ ನಿಂತ ಕಾರಿನೊಳಗೆ ಯಾವತ್ತೂ ಬಿಡಬಾರದು. ಹಾಗಂತ ಐಸ್‌ಗೆ ತಾಗಿಸಿ ಇಡುವುದೂ ತಪ್ಪು, ಹೆಪ್ಪುಗಟ್ಟಿದರೆ ಅದು ಕೆಲಸಕ್ಕೆ ಬರುವುದಿಲ್ಲ. ಬಟ್ಟೆ ಸುತ್ತಿ ಸಣ್ಣ ಚೀಲದಲ್ಲಿಟ್ಟು, ಇಳಿದಾಗಲೆಲ್ಲ ನನ್ನ ಹೆಗಲಿಗೇ ಹಾಕಿಕೊಳ್ಳುತ್ತಿದ್ದೆ. ಇಬ್ಬರ ಔಷಧಿಗಳ ಪಟ್ಟಿಯನ್ನು ಕಂಪನಿ ಇಟ್ಟ ಹೆಸರಲ್ಲದೆ ಔಷಧದ ಮೂಲ ಹೆಸರಿನಲ್ಲೂ ಬರೆಸಿಕೊಂಡಿದ್ದೆವು. ಬೇರೆ ಊರಿನಲ್ಲಿ ಅದೇ ಕಂಪನಿಯ ಮಾತ್ರೆ ಸಿಗದೆ ಹೋಗಬಹುದು. ಮೂಲ ಹೆಸರು ಇದ್ದರೆ ಔಷಧಿ ಅಂಗಡಿಯವರು ಬೇರೆಯದನ್ನು ಹುಡುಕಿಕೊಡುತ್ತಾರೆ.

ನಿವೃತ್ತರ ಕಾರು ಓಡುವುದು ಕಡಿಮೆ, ನಿಲ್ಲುವುದೇ ಜಾಸ್ತಿ. ಟೈರಿನ ಗೆರೆಗಳು ಹೊಸದರ ಹಾಗೆ ಕಾಣುತ್ತವೆ, ಆದರೆ ರಬ್ಬರಿಗೆ ವಯಸ್ಸಾಗಿರುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಅಂತ ಇದ್ದರೆ ಅದು 2019ರ 23ನೇ ವಾರ ತಯಾರಾದದ್ದು. ಐದು ವರ್ಷ ದಾಟಿದ್ದರೆ ತಿಳಿದವರಿಗೆ ತೋರಿಸಿಯೇ ಹೊರಡಿ. ಗಾಳಿಯನ್ನು ಬೆಳಿಗ್ಗೆ, ಟೈರ್ ತಣ್ಣಗಿರುವಾಗ ನೋಡಬೇಕು. ಎಷ್ಟು ಇರಬೇಕು ಅನ್ನುವುದು ಸಾಮಾನ್ಯವಾಗಿ ಚಾಲಕರ ಬಾಗಿಲಿನ ಚೌಕಟ್ಟಿನ ಮೇಲೆ ಬರೆದಿರುತ್ತದೆ. ಡಿಕ್ಕಿ ತುಂಬಿದಾಗ ಹಾಕಬೇಕಾದ ಲೆಕ್ಕ ಅಲ್ಲೇ ಬೇರೆ ಇರುತ್ತದೆ. ನೆಂಟರ ಮನೆಗೆ ಹೋಗುವ ಕಾರಿನ ಡಿಕ್ಕಿ ಬರಬರುತ್ತಾ ತುಂಬುತ್ತದೆ, ಪ್ರತಿ ಮನೆಯಲ್ಲೂ ಏನಾದರೂ ಕೊಟ್ಟೇ ಕಳಿಸುತ್ತಾರೆ. ಹೊರಡುವಾಗ ಅರ್ಧ ಖಾಲಿ ಇಟ್ಟುಕೊಂಡದ್ದು ಒಳ್ಳೆಯದಾಯಿತು.

ಈ ಪ್ರಯಾಣಕ್ಕೆ ತಕ್ಕ ಕೆಲಸ ಅಂತ ನನಗೆ ಅನಿಸಿದ್ದು ಫೋಟೋಗಳದ್ದು. ಹಳೆಯ ಮನೆಗಳಲ್ಲಿ ಆಲ್ಬಮ್ ಇರುತ್ತದೆ, ಅದರಲ್ಲಿರುವವರು ಯಾರು ಅಂತ ಹೇಳಬಲ್ಲವರು ಒಬ್ಬಿಬ್ಬರೇ ಉಳಿದಿರುತ್ತಾರೆ. ಚಿಕ್ಕಮ್ಮನ ಮುಂದೆ ಒಂದು ಗುಂಪಿನ ಫೋಟೋ ಇಟ್ಟೆವು. ಹಿಂದಿನ ಸಾಲಿನಲ್ಲಿ ಒಬ್ಬರ ಮುಖ ಪೂರ್ತಿ ಮಾಸಿಹೋಗಿತ್ತು. ಅವರು ಭೂತಗನ್ನಡಿ ಹಿಡಿದು ಮುಖ ಬಿಟ್ಟು ಕೆಳಗೆ ನೋಡಿದರು. ಕುರ್ಚಿಯ ಬೆನ್ನು ಹಿಡಿದ ಕೈ ಕಾಣುತ್ತಿತ್ತು. 'ಆ ಕಿರುಬೆರಳು ನೋಡು, ಹೊರಗೆ ಬಾಗಿದೆಯಲ್ಲ. ಇದು ನಿನ್ನ ದೊಡ್ಡಪ್ಪ ಕಣೋ' ಅಂದರು ನಮ್ಮವರಿಗೆ. ಆ ಬೆರಳು ಮುರಿದದ್ದು ಹೇಗೆ, ಯಾರು ಕಟ್ಟಿದರು, ಮನೆಯಲ್ಲಿ ಯಾರಿಗೆ ಬೈಗುಳ ಬಿತ್ತು ಅಂತ ಮಾತು ಎಲ್ಲಿಗೋ ಹೋಯಿತು. 'ನಿಮ್ಮ ಕಾಲದ ಕಥೆ ಹೇಳಿ' ಅಂದಾಗ ಚಿಕ್ಕಮ್ಮ ಏನೂ ಹೇಳಿರಲಿಲ್ಲ. ಫೋಟೋ ಇಟ್ಟ ಮೇಲೆ ನಿಲ್ಲಿಸಲೇ ಇಲ್ಲ.

ಅವರ ಒಪ್ಪಿಗೆ ಕೇಳಿಯೇ ಮಾತು ರೆಕಾರ್ಡ್ ಮಾಡಿದೆ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿದರೆ ನಡುವೆ ಕರೆ ಬಂದು ತುಂಡಾಗುವುದಿಲ್ಲ. ಮಡಚಿದ ಟವೆಲ್ ಮೇಲೆ ಇಟ್ಟರೆ ಮೇಜಿನ ಸದ್ದು ಸೇರುವುದಿಲ್ಲ. ಫ್ಯಾನ್, ಟಿವಿ ಎರಡೂ ಆಫ್. ಇನ್ನೊಂದು ವಿಷಯ ಅಲ್ಲಿ ನೋಡಿದೆ. ನಾನು ಎಷ್ಟು ಜೋರಾಗಿ ಕೇಳಿದರೂ ಚಿಕ್ಕಮ್ಮನಿಗೆ ಅರ್ಥವಾಗುತ್ತಿರಲಿಲ್ಲ, ನಮ್ಮವರು ಮೆಲ್ಲಗೆ ಕೇಳಿದರೂ ಆಗುತ್ತಿತ್ತು. ವಯಸ್ಸಾದಂತೆ ಕಿವಿಗೆ ಮೊದಲು ತಪ್ಪುವುದು ತೆಳುವಾದ, ಏರು ದನಿ. ಕೂಗುವುದು ಬಿಟ್ಟು ದನಿ ತಗ್ಗಿಸಿ, ನಿಧಾನವಾಗಿ, ತುಟಿ ಕಾಣುವ ಹಾಗೆ ಎದುರಿಗೆ ಕೂತು ಮಾತಾಡಿದೆ. ಆಮೇಲೆ ನನ್ನ ಮಾತೂ ತಿಳಿಯಿತು.

ಫೋಟೋದ ನಕಲನ್ನು ಕಿಟಕಿಯ ಪಕ್ಕದ ಬೆಳಕಿನಲ್ಲಿ, ಫ್ಲಾಶ್ ಇಲ್ಲದೆ ತೆಗೆದುಕೊಂಡೆವು. ಮೂಲ ಫೋಟೋ ಅವರ ಮನೆಯಲ್ಲೇ ಉಳಿಯಿತು. ಹಿಂಭಾಗದಲ್ಲಿ ಹೆಸರು ಬರೆಯಲು ಮೆತ್ತನೆ ಪೆನ್ಸಿಲ್ ಸಾಕು, ಒತ್ತದೆ ಬರೆಯಬೇಕು. ಬಾಲ್‌ಪೆನ್ನಿನ ಗುರುತು ಮುಂದಕ್ಕೆ ಉಬ್ಬುತ್ತದೆ, ಶಾಯಿಯೂ ಹರಡಬಹುದು.

ನೆಂಟರಲ್ಲಿ ಮಾತು ಬಿಟ್ಟವರೂ ಇದ್ದಾರೆ. ಆಸ್ತಿಯ ವಿಷಯಕ್ಕೆ ದೂರವಾದ ಇಬ್ಬರ ಮನೆಗೂ ನಾವು ಹೋದೆವು, ಹೋಗುತ್ತೇವೆ ಅಂತ ಇಬ್ಬರಿಗೂ ಮೊದಲೇ ಹೇಳಿದ್ದೆವು. ಒಂದು ಮನೆಯ ಮಾತನ್ನು ಇನ್ನೊಂದು ಮನೆಗೆ ಒಯ್ಯಲಿಲ್ಲ. 'ಅವನು ನನ್ನ ಬಗ್ಗೆ ಏನಂದ?' ಅಂತ ಕೇಳಿದಾಗ 'ಆರೋಗ್ಯ ಹೇಗಿದೆ ಅಂತ ಕೇಳಿದ' ಅಂದೆವು, ಅದು ನಿಜವೂ ಹೌದು. ರಾಜಿ ಮಾಡಿಸಲು ಕೈ ಹಾಕಲಿಲ್ಲ. ಎರಡು ದಿನಕ್ಕೆ ಬಂದವರ ಕೆಲಸ ಅಲ್ಲ ಅದು. ಆದರೆ ಸೋದರಮಾವ ತಮ್ಮ ತಂಗಿಗೆ ಹೇಳಿಕಳಿಸಿದ ಎರಡು ಮಾತನ್ನು ಅವರದೇ ದನಿಯಲ್ಲಿ ಫೋನಿನಲ್ಲಿ ತುಂಬಿಕೊಂಡು ಹೋಗಿ ಕೇಳಿಸಿದೆ. ನನ್ನ ಅಮ್ಮ ಅದನ್ನು ಮತ್ತೆ ಮತ್ತೆ ಹಾಕಿಸಿಕೊಂಡು ಕೇಳಿದರು.

ಪ್ರತಿ ಮನೆಯಿಂದ ಹೊರಟ ದಿನ ಸಂಜೆಯೇ ಕೇಳಿದ್ದನ್ನೆಲ್ಲ ಬರೆದಿಡುತ್ತಿದ್ದೆ. ಮುಂದಿನ ಮನೆಗೆ ಹೋದರೆ ಎರಡೂ ಕಡೆಯ ಹೆಸರುಗಳು ಕಲಸಿಹೋಗುತ್ತವೆ. ಊರಿಗೆ ಬಂದ ಮೇಲೆ ಎಲ್ಲ ಸೇರಿಸಿ ದೊಡ್ಡ ಹಾಳೆಯಲ್ಲಿ ವಂಶವೃಕ್ಷ ಬರೆದು, ನಕಲು ತೆಗೆಸಿ ಎಲ್ಲ ಮನೆಗೂ ಕಳಿಸಿದ್ದೇವೆ. ಈಗ ವಾರಕ್ಕೊಂದು ಫೋನ್ ಬರುತ್ತದೆ. 'ಅವಳು ಎರಡನೆಯವಳಲ್ಲ, ಮೂರನೆಯವಳು.' 'ಆ ಮಗು ಹೋದದ್ದು ಆಮೇಲೆ, ಅದಕ್ಕೂ ಒಂದು ಹೆಸರಿತ್ತು, ಬರ್ಕೋ.' ಹೇಳಿದವರ ಹೆಸರು, ತಾರೀಕು ಸಮೇತ ಎಲ್ಲವನ್ನೂ ಆ ಹಾಳೆಯ ಅಂಚಿನಲ್ಲಿ ಬರೆದುಕೊಳ್ಳುತ್ತಿದ್ದೇನೆ. ದೊಡ್ಡಪ್ಪನ ಮಗನ ಮನೆ ಈ ಸಲ ಆಗಲಿಲ್ಲ, ಅವರು ಆಸ್ಪತ್ರೆಯಲ್ಲಿದ್ದರು. ಮುಂದಿನ ಪಟ್ಟಿಯಲ್ಲಿ ಅವರ ಹೆಸರೇ ಮೊದಲು.