ಪೆಟ್ರೋಲ್ ಟಿಲ್ಲರ್‌ಗೆ ಸ್ಪಾರ್ಕ್ ಬರ್ತಿಲ್ವಾ, ಮೊದ್ಲು ಸ್ವಿಚ್ ವೈರ್ ಬಿಚ್ಚಿ ನೋಡಿ
ಮೂಡಿಗೆರೆ, ಸಕಲೇಶಪುರ ಕಡೆ ತೋಟದವ್ರೇ, ಪೆಟ್ರೋಲ್ ಟಿಲ್ಲರ್, ವೀಡ್ ಕಟ್ಟರ್‌ಗೆ ಸ್ಪಾರ್ಕ್ ಇಲ್ಲ ಅಂದ್ರೆ ಹೊಸ ಕಾಯಿಲ್ (ಪ್ಲಗ್‌ಗೆ ಕಿಡಿ ಕರೆಂಟ್ ಕೊಡೋ ಭಾಗ) ತರೋಕ್ ಮುಂಚೆ, ಕಾಯಿಲ್‌ನಿಂದ ಆಫ್ ಸ್ವಿಚ್‌ಗೆ ಹೋಗೋ ಸಣ್ಣ ವೈರ್ ಬಿಚ್ಚಿ, ಪ್ಲಗ್ ಹೊರಗೆ ತೆಗೆದು ಕ್ಯಾಪ್ ಹಾಕಿ, ಪ್ಲಗ್ ತೂತಿಂದ ದೂರದಲ್ಲಿ ಇಂಜಿನ್ ಬಾಡಿಗೆ ತಾಗಿಸಿ ಹಗ್ಗ ಎಳೀರಿ. ಕಿಡಿ ಬಂತಾ, ಕಾಯಿಲ್ ಚೆನ್ನಾಗಿದೆ, ತೊಂದ್ರೆ ಸ್ವಿಚ್ಚಲ್ಲೋ ವೈರಲ್ಲೋ ಇದೆ. ಈ ಇಂಜಿನ್ ಆಫ್ ಆಗೋದೇ ಆ ವೈರ್ ಇಂಜಿನ್ ಬಾಡಿಗೆ ತಾಗಿ ಅರ್ಥ್ ಆದಾಗ, ಅದಕ್ಕೇ ಮಳೇಲಿ ನೆಂದ ಸ್ವಿಚ್, ಇಲಿ ಕಡಿದು ಬಾಡಿಗೆ ತಾಗಿದ ವೈರ್ ಇದ್ರೂ ಸ್ಪಾರ್ಕ್ ಹೋಗುತ್ತೆ. ಆಗ್ಲೂ ಬರ್ಲಿಲ್ವಾ, ಬೇರೆ ಪ್ಲಗ್ ಹಾಕಿ ನೋಡಿ, ಆಮೇಲೆ ಕಾಯಿಲ್‌ಗೂ ತಿರುಗೋ ಚಕ್ರದ ಮ್ಯಾಗ್ನೆಟ್‌ಗೂ ಮಧ್ಯದ ಗ್ಯಾಪ್ ನೋಡಿ. ಬ್ಯಾಟರಿ ಇಗ್ನಿಷನ್ ಗಾಡಿಗೆ ಇದು ನಡೆಯಲ್ಲ. ವೈರ್ ಬಿಚ್ಚಿಟ್ಟು ಮಾತ್ರ ಕೆಲ್ಸಕ್ಕೆ ಇಳೀಬೇಡಿ ದಯವಿಟ್ಟು, ಸ್ವಿಚ್ ಒತ್ತಿದ್ರೂ ಇಂಜಿನ್ ನಿಲ್ಲಲ್ಲ.