ಅಯ್ಯನೋರೇ, ಗುಡ್ಡೆ ಬಾಡು ತಿನ್ನಬಹುದಾ?

ಈ ಪ್ರಶ್ನೆ ಪ್ರತಿ ವರ್ಷ ಯುಗಾದಿ ಹತ್ತಿರ ಬಂದೇ ಬರುತ್ತದೆ. ಕೋಲಾರದ ಕಡೆ ಹೊಸತೊಡಕು ಅಂದರೆ ಗೊತ್ತಲ್ಲ? ಬೀದಿಯವರೆಲ್ಲ ದುಡ್ಡು ಹಾಕಿ ಕುರಿ ತರುತ್ತಾರೆ. ಕೊಯ್ದು, ಮಾಂಸವನ್ನು ಸಮನಾಗಿ ಗುಡ್ಡೆ ಹಾಕಿ ಹಂಚಿಕೊಳ್ಳುತ್ತಾರೆ. ನಮ್ಮ ಸಭೆಯವರ ಮನೆಗಳೂ ಅದೇ ಬೀದಿಯಲ್ಲಿವೆ. ದುಡ್ಡು ಹಾಕಿದರೆ ದೇವರಿಗೆ ಬೇಜಾರು, ಹಾಕದಿದ್ದರೆ ಬೀದಿಗೆ ಬೇಜಾರು ಅನ್ನುವ ಸಂಕಟ.

ನಾನು ಶ್ರೀನಿವಾಸಪುರ ತಾಲ್ಲೂಕಿನ ಒಂದು ಸಣ್ಣ ಸಭೆಯ ಪಾಸ್ಟರ್. ಹಳೇ ಕಾಲದವನು ಅಂತ ಹುಡುಗರು ನಗುತ್ತಾರೆ, ನಗಲಿ. ಸತ್ಯವೇದ, ಅಂದರೆ ಬೈಬಲ್, ಬೇಡ ಅಂದದ್ದನ್ನು ನಾನೂ ಬೇಡ ಅನ್ನುತ್ತೇನೆ. ಬಾಗಿಲ ಹತ್ತಿರ ಹಳೇ ಬಿಸ್ಕತ್ ಡಬ್ಬ ಒಂದನ್ನು ಇಟ್ಟಿದ್ದೇನೆ. ಹೆಸರು ಹಾಕದೆ ಪ್ರಶ್ನೆ ಬರೆದು ಹಾಕಬಹುದು. ತಿಂಗಳ ಕೊನೆಯ ಭಾನುವಾರ ಆರಾಧನೆ ಮುಗಿದ ಮೇಲೆ ಒಂದೊಂದೇ ಚೀಟಿ ತೆಗೆದು ಉತ್ತರ ಹೇಳುತ್ತೇನೆ. ಕೆಲವು ಚೀಟಿಗಳಲ್ಲಿ ಅಕ್ಷರ ಕನ್ನಡ, ಮಾತು ತೆಲುಗು. ನಮ್ಮ ಕಡೆ ಹಾಗೇ.

ಗುಡ್ಡೆ ಬಾಡಿಗೆ ಉತ್ತರ ಸತ್ಯವೇದದ 1 ಕೊರಿಂಥ 10ರಲ್ಲೇ ಇದೆ, ಅಪೊಸ್ತಲ ಪೌಲ ಕೊರಿಂಥದ ಸಭೆಗೆ ಬರೆದ ಪತ್ರ ಅದು. ಕೊರಿಂಥದಲ್ಲಿ ಗುಡಿಗಳು ಜಾಸ್ತಿ. ಅಲ್ಲಿ ಬಲಿ ಕೊಟ್ಟ ಮಾಂಸ ಅಂಗಡಿಗೂ ಬರುತ್ತಿತ್ತು. ಅಂಗಡಿಯಲ್ಲಿ ಮಾರುವುದನ್ನು ಏನೂ ವಿಚಾರಿಸದೆ ತಿನ್ನಿ ಅನ್ನುತ್ತಾನೆ ಪೌಲ. ಆದರೆ ಯಾರಾದರೂ ಇದು ಬಲಿಯದ್ದು ಅಂತ ಹೇಳಿದರೆ, ಹೇಳಿದವನಿಗೋಸ್ಕರ ತಿನ್ನಬೇಡಿ. ಆದ್ದರಿಂದ ನಾನು ಹೇಳುವುದು ಇಷ್ಟೇ: ದುಡ್ಡು ಹಾಕಿ ಬೀದಿಯಲ್ಲಿ ಕೊಯ್ದ ಕುರಿ ತಿನ್ನಿ, ಗಂಗಮ್ಮನ ಮುಂದೆ ಕೊಯ್ದದ್ದು ಬೇಡ. ಹೀಗಂದಾಗ ಹಿಂದೆ ಕೂತಿದ್ದ ಅಜ್ಜಿಯೊಬ್ಬರು, "ನಮ್ಮ ಬೀದೀಲಿ ಕೇಳದಿದ್ರೂ ಹೇಳ್ತಾರಲ್ಲ ಅಯ್ಯನೋರೇ" ಅಂದರು. ಸಭೆಯೆಲ್ಲ ನಕ್ಕಿತು. ಹೇಳಿದರೆ ಬೇಡ ಅನ್ನಿ, ಮುಖ ಮಾತ್ರ ಸಿಂಡರಿಸಬೇಡಿ ಅಂದೆ.

ಹೂವು, ಬಳೆ, ರಂಗೋಲಿಯ ಚೀಟಿಗಳಿಗೆ ಒಂದು ನಿಮಿಷ ಸಾಕು. ತಾಳಿಗೂ ಅಷ್ಟೇ, ಶಿಲುಬೆ ಇರುವ ತಾಳಿಯನ್ನು ನಮ್ಮಲ್ಲಿ ಎಷ್ಟೋ ಜನ ಕಟ್ಟುತ್ತಾರೆ. ಮದುವೆ ಉಂಗುರ ಕೂಡ ರೋಮನ್ನರ ಪದ್ಧತಿಯಿಂದ ಬಂದದ್ದೇ ಅಲ್ವಾ?

ಬೇರೆ ಧರ್ಮದ ಹುಡುಗಿಯನ್ನು ಇಷ್ಟಪಟ್ಟ ಹುಡುಗನ ಚೀಟಿ ಬಂದರೆ ಮಾತ್ರ ಕಷ್ಟ. ಎತ್ತನ್ನೂ ಕತ್ತೆಯನ್ನೂ ಒಂದೇ ನೇಗಿಲಿಗೆ ಕಟ್ಟಬೇಡ ಅಂತ ಮೋಶೆಯ ಕಟ್ಟಳೆ ಇದೆ. ಅದೇ ನೊಗದ ಮಾತನ್ನು ಪೌಲ 2 ಕೊರಿಂಥ 6ರಲ್ಲಿ ವಿಶ್ವಾಸಿಗಳಿಗೆ ಹೇಳುತ್ತಾನೆ: ನಂಬದವರ ಜೊತೆ ಒಂದೇ ನೊಗಕ್ಕೆ ಸೇರಬೇಡಿ. 1872ರ ಕ್ರೈಸ್ತ ವಿವಾಹ ಕಾಯ್ದೆಗೆ ಇಬ್ಬರಲ್ಲಿ ಒಬ್ಬರು ಕ್ರೈಸ್ತರಾದರೂ ಸಾಕು. ಕಾನೂನು ಒಪ್ಪಿದರೂ ನಾನು ಆ ಮದುವೆ ಮಾಡಿಸುವುದಿಲ್ಲ. ಅವರು ರಿಜಿಸ್ಟರ್ ಆಫೀಸಿನಲ್ಲಿ ಮದುವೆಯಾಗಿ ಊಟಕ್ಕೆ ಕರೆದರೆ ಹೋಗುತ್ತೇನೆ. ಇದು ಎರಡು ನಾಲಿಗೆ ಅಂತ ಕೆಲವರಿಗೆ ಸಿಟ್ಟಿದೆ.

ನಾಮಾನನ ಕಥೆಯನ್ನು ನಾನು ಹೇಳಿದಷ್ಟು ಸಲ ಯಾರೂ ಹೇಳಿರಲಿಕ್ಕಿಲ್ಲ. ಟೊಮೆಟೊ ಸಾಗಿಸುವ ಕ್ಯಾಂಟರ್ ಓಡಿಸುವವನೊಬ್ಬ ನಮ್ಮ ಸಭೆಯಲ್ಲಿದ್ದಾನೆ. ಆಯುಧಪೂಜೆ ದಿನ ಮಾಲೀಕರು ಬೂದುಗುಂಬಳ ಒಡೆದು, ಚಕ್ರದಡಿ ನಿಂಬೆಹಣ್ಣು ಇಡಿಸಿ, ಗಾಡಿಯನ್ನು ಒಂದು ಮಾರು ಮುಂದೆ ತೆಗಿ ಅನ್ನುತ್ತಾರೆ. ತೆಗೆಯಲಾ, ಕೆಲಸ ಬಿಡಲಾ ಅಂತ ಅವನ ಪ್ರಶ್ನೆ. 2 ಅರಸು 5 ತೆರೆದೆ. ಸಿರಿಯದ ಸೇನಾಪತಿ ನಾಮಾನನಿಗೆ ಇಸ್ರಾಯೇಲಿನ ಪ್ರವಾದಿ ಎಲೀಷನ ಮಾತಿನಂತೆ ನಡೆದು ಕುಷ್ಠ ವಾಸಿಯಾಗಿತ್ತು. ಇನ್ನು ಬೇರೆ ದೇವರಿಗೆ ಬಲಿ ಕೊಡಲ್ಲ ಅಂದ. ಆಮೇಲೆ ಒಂದು ಕ್ಷಮೆ ಕೇಳಿದ: ರಾಜ ನನ್ನ ಕೈ ಹಿಡಿದು ರಿಮ್ಮೋನನ ಗುಡಿಯಲ್ಲಿ ಬಾಗಿದಾಗ ನಾನೂ ಬಾಗಬೇಕಾಗುತ್ತದೆ. ಎಲೀಷ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಸಮಾಧಾನದಿಂದ ಹೋಗು ಅಂದ. ಈ ಮಾತನ್ನೇ ಹಿಡಿದು ಎಲ್ಲ ಗುಡಿಗೂ ಹೋಗಬಹುದು ಅನ್ನುವವರಿದ್ದಾರೆ, ಅದನ್ನು ನಾನು ಒಪ್ಪಲ್ಲ. ಡ್ರೈವರಿಗೆ ಹೇಳಿದ್ದು: ಗಾಡಿ ತೊಳಿ, ಹೇಳಿದ ಜಾಗಕ್ಕೆ ತೆಗಿ, ಅದು ನಿನ್ನ ಕೆಲಸ. ಆರತಿ ತಟ್ಟೆ ನೀನು ಹಿಡಿಯಬೇಡ, ಯಾಕೆ ಅಂತ ಮಾಲೀಕರಿಗೆ ಮೊದಲೇ ಹೇಳು. ಹೇಳಿದ. ಮಾಲೀಕರು ಸರಿ ಬಿಡಪ್ಪ ಅಂದು ಕಡ್ಲೆಪುರಿ ಪೊಟ್ಟಣ ಕೊಟ್ಟರಂತೆ. ಪುರಿ ಪೂಜೆಗೆ ಮುಂಚಿನದಾ ಆಮೇಲಿನದಾ ಅಂತ ಮರುದಿನ ಮತ್ತೆ ಫೋನು!

ಇಂಥ ಉತ್ತರಗಳಿಂದ ನನಗೆ ಸ್ವಲ್ಪ ಜಂಬ ಬಂದಿತ್ತು ಅನ್ನಿ. ಒಂದು ಸಲ ಡಬ್ಬದಲ್ಲಿ, ಅಪ್ಪ ಹಾಸಿಗೆ ಹಿಡಿದಿದ್ದಾರೆ, ತೀರಿಕೊಂಡರೆ ಮಣ್ಣಿನಲ್ಲಿ ಏನೇನು ಮಾಡಬಹುದು ಅಂತ ಚೀಟಿ ಬಂತು. ಮನೆಯಲ್ಲಿ ವಿಶ್ವಾಸಕ್ಕೆ ಬಂದವನು ಇವನೊಬ್ಬನೇ, ಚಿಕ್ಕ ಮಗ. ಇದು ನನಗೆ ಆಮೇಲೆ ತಿಳಿದದ್ದು. ನಾನು ಎಲ್ಲರ ಮುಂದೆ ಧರ್ಮೋಪದೇಶಕಾಂಡ 14 ಓದಿ, ಸತ್ತವರಿಗಾಗಿ ತಲೆ ಬೋಳಿಸುವಂತಿಲ್ಲ, ಶಾಸ್ತ್ರಗಳಿಂದ ದೂರ ಇರಿ ಅಂದೆ. ಮುಂದಿನ ಚೀಟಿ ತೆಗೆದೆ. ಅವನು ದೂರ ಅನ್ನುವುದನ್ನು ದೂರ ಅಂತಲೇ ತಿಳಿದ. ಅಪ್ಪನ ಚಟ್ಟಕ್ಕೆ ಹೆಗಲು ಕೊಡದೆ ರಸ್ತೆಯ ಆಚೆ ಬೇಲಿ ಹತ್ತಿರ ನಿಂತಿದ್ದ. ಹಿಡಿ ಮಣ್ಣೂ ಹಾಕಲಿಲ್ಲ. ಮೂರು ವರ್ಷ ತಾಯಿ ಅವನ ಜೊತೆ ಮಾತಾಡಲಿಲ್ಲ.

ಹೆಗಲು ಕೊಡಬೇಡ ಅಂತ ಯಾವ ವಚನ ಹೇಳುತ್ತದೆ? ತಂದೆತಾಯಿಯನ್ನು ಸನ್ಮಾನಿಸು ಅನ್ನುವುದು ಹತ್ತು ಆಜ್ಞೆಗಳಲ್ಲಿ ಒಂದು. ಅದನ್ನು ಓದಲಿಲ್ಲ ನಾನು. ಈಗಲೂ ಎಡೆ, ಪಿಂಡ, ತಲೆ ಬೋಳಿಸುವುದು ಬೇಡ ಅಂತಲೇ ಹೇಳುತ್ತೇನೆ. ಆದರೆ ಸಾವಿನ ಚೀಟಿಗೆ ಸಭೆಯಲ್ಲಿ ಉತ್ತರ ಹೇಳುವುದನ್ನು ಬಿಟ್ಟಿದ್ದೇನೆ. ಇದನ್ನು ಬರೆದವರು ಬಂದು ನೋಡಿ ಅಂತೇನೆ. ಬಂದರೆ ಅವರ ಮನೆಗೆ ಹೋಗುತ್ತೇನೆ.

ಅವನೇ ಹೋದ ವರ್ಷ ಬಂದ. ತಾಯಿಗೆ ವಯಸ್ಸಾಗಿದೆ, ಈ ಸಲ ಏನು ಮಾಡಲಿ ಅಂದ. ಅಮ್ಮನನ್ನೇ ಕೇಳೋಣ ನಡಿ ಅಂದೆ. ಹೋದೆವು. ಮೊದಲು ಕ್ಷಮೆ ಕೇಳಿದೆ, ತಪ್ಪು ಹುಡುಗನದಲ್ಲ, ನನ್ನದು ಅಂದೆ. ಆಕೆ ಏನೂ ಅನ್ನದೆ ಒಳಗೆ ಹೋಗಿ ಕಾಫಿ ತಂದರು. ಅಣ್ಣನನ್ನೂ ಕೂರಿಸಿಕೊಂಡು ಮಾತಾಡಿದೆವು. ಮಡಿಕೆ ದೊಡ್ಡವನು ಹೊರಲಿ, ಚಿಕ್ಕವನು ಹೆಗಲು ಕೊಟ್ಟು ಮಣ್ಣು ಹಾಕಲಿ, ಖರ್ಚು ಇಬ್ಬರದೂ ಅಂತ ಮಾತಾಯಿತು. ಎದ್ದು ಹೊರಡುವಾಗ ಆಕೆ, "ತಿಥಿ ದಿನ ಬಾಡೂಟ ಹಾಕ್ತಾರಲ್ಲ, ಅದನ್ನಾದ್ರೂ ತಿಂತಾನಾ ಇವ್ನು?" ಅಂದರು.

ಎಡೆ ಇಡೋಕೆ ಮುಂಚೆ ಒಂದು ಬಟ್ಟಲು ಬೇರೆ ತೆಗೆದಿಡೋಕೆ ಹೇಳಿ ಅಮ್ಮ, ಅಂದೆ.