ಅಲಾರಂ ಹೊಡೆದಾಗ ಮನಸ್ಸು ಎಲ್ಲಿತ್ತು?

ಹಗಲುಗನಸು ಕಾಣೋದು ನನಗೆ ಬಹಳ ಇಷ್ಟ. ಅದಕ್ಕೇ ಮನಸ್ಸು ಬೇರೆಲ್ಲೋ ಅಲೆದರೆ ಖುಷಿ ಕಡಿಮೆ ಅನ್ನೋ ಒಂದು ಅಧ್ಯಯನದ ಬಗ್ಗೆ ಓದಿದಾಗ ಸ್ವಲ್ಪ ಸಿಟ್ಟೇ ಬಂತು. 2010ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಮನೋವಿಜ್ಞಾನಿಗಳಾದ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ ಅದನ್ನು 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ್ದರು. 2,250 ಜನರ ಐಫೋನ್‌ಗೆ ಹೊತ್ತಲ್ಲದ ಹೊತ್ತಿನಲ್ಲಿ ಪ್ರಶ್ನೆ ಬರುತ್ತಿತ್ತು. ಈಗ ಹೇಗನ್ನಿಸುತ್ತಿದೆ? ಏನು ಮಾಡುತ್ತಿದ್ದೀರಿ? ಅದನ್ನು ಬಿಟ್ಟು ಬೇರೇನಾದರೂ ಯೋಚಿಸುತ್ತಿದ್ದೀರಾ? ಶೇ 46.9ರಷ್ಟು ಸಲ ಮನಸ್ಸು ಬೇರೆಲ್ಲೋ ಇತ್ತು, ಆಗ ಖುಷಿಯೂ ಕಡಿಮೆ ಇತ್ತು. ಸಿಹಿಯಾದ ವಿಷಯ ನೆನೆಯುತ್ತಿದ್ದವರು ಕೂಡ ಕೆಲಸದಲ್ಲೇ ಮನಸ್ಸಿಟ್ಟವರಿಗಿಂತ ಜಾಸ್ತಿ ಖುಷಿಯಾಗೇನೂ ಇರಲಿಲ್ಲವಂತೆ!

ನೋಡೇಬಿಡೋಣ ಅಂತ ನನ್ನ ಮೇಲೇ ಪರೀಕ್ಷೆ ಶುರು ಮಾಡಿದೆ. ಅಲಾರಂ ನಾನೇ ಇಟ್ಟರೆ ಕಾಯುತ್ತಾ ಕೂರುತ್ತೇನೆ, ಅಲ್ವಾ? ಹಾಗಾಗಿ ದಿನಾ ಬೇರೆ ಬೇರೆ ಹೊತ್ತಿಗೆ, ನನಗೆ ಹೇಳದೆ, ಮಗಳೇ ಇಡುತ್ತಿದ್ದಳು. ಹೊಡೆದ ತಕ್ಷಣ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಮೂರೇ ವಿಷಯ ಬರೆಯಬೇಕು: ಕೈ ಏನು ಮಾಡುತ್ತಿತ್ತು, ಮನಸ್ಸು ಎಲ್ಲಿತ್ತು, ಖುಷಿಗೆ ಹತ್ತಕ್ಕೆ ಎಷ್ಟು.

ಸೋಫಾ ಮೇಲೆ ಕಾಲು ಚಾಚಿಕೊಂಡು ರೀಲ್ಸ್ ನೋಡುವಾಗ ಎಂಟೋ ಒಂಬತ್ತೋ ಬರುತ್ತೆ ಅಂದುಕೊಂಡಿದ್ದೆ. ಬಂದಿದ್ದು ನಾಲ್ಕು, ಐದು. ಎಂಟು ಬಂದಿದ್ದು ಅವರೆಕಾಳು ಹಿತುಕುವಾಗ! ಚಳಿಗಾಲದಲ್ಲಿ ನಮ್ಮನೆಯಲ್ಲಿ ಹಿತಕಿದಬೇಳೆ ಸಾರು ಆಗಲೇಬೇಕು. ನೆನೆಸಿದ ಕಾಳನ್ನು ಹೆಬ್ಬೆರಳು, ತೋರುಬೆರಳ ಮಧ್ಯೆ ಹಿಡಿದು ಒತ್ತಿದರೆ ಬೇಳೆ ಪುಳಕ್ಕನೆ ಜಾರುತ್ತದೆ. ಒಂಚೂರು ಜಾಸ್ತಿ ಒತ್ತಿದರೆ ಸ್ಟವ್ ಕೆಳಗೆ ಹಾರುತ್ತದೆ. ಎಳೆಯ ಕಾಳಿಗೆ ಮೆಲ್ಲಗೆ, ಬಲಿತಿದ್ದಕ್ಕೆ ಸ್ವಲ್ಪ ಬಿಗಿಯಾಗಿ. ಬೆರಳು ಇದನ್ನೆಲ್ಲ ನೋಡಿಕೊಳ್ಳುವಾಗ ಮನಸ್ಸೂ ಅಲ್ಲೇ ಕೂತಿರುತ್ತದೆ. ಆಮೇಲೊಂದು ದಿನ ಸೀರಿಯಲ್ ಹಾಕಿಕೊಂಡು ಹಿತುಕಿದೆ. ಕಾಳು ಅದೇ, ಕೈ ಅದೇ, ಅಂಕ ಮಾತ್ರ ಐದು. ಸೀರಿಯಲ್ ಕಥೆಯೂ ಸರಿಯಾಗಿ ತಲೆಗೆ ಹೋಗಿರಲಿಲ್ಲ.

ಹಾಗಂತ ಗಮನ ಇಟ್ಟುಬಿಟ್ಟರೆ ಸುಖ ಸಿಕ್ಕಿಬಿಡುತ್ತೆ ಅನ್ನೋರ ಮಾತು ನಾನು ಒಪ್ಪಲ್ಲ. ಅತ್ತೆ ಆಸ್ಪತ್ರೆಯಲ್ಲಿದ್ದಾಗಿನ ಹಾಳೆಯಲ್ಲಿ ಎಲ್ಲ ಅಂಕವೂ ಕೆಳಗೇ ಇವೆ. ಆಗ ಮನಸ್ಸು ಅಲ್ಲೇ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಇನ್ನು ಬಸ್ಸಲ್ಲಿ ಕಿಟಕಿ ಪಕ್ಕ ಕೂತು ಸುಮ್ನೆ ಏನೇನೋ ಯೋಚಿಸುವಾಗ ಎಷ್ಟೋ ಸಲ ಆಫೀಸಿನ ಗಂಟು ತಾನಾಗೇ ಬಿಚ್ಚಿಕೊಂಡಿದೆ. ಅದನ್ನು ಬಿಡೋಕೆ ನಾನು ತಯಾರಿಲ್ಲ.

ಈಗ ಊಟದ ಹೊತ್ತಿಗೆ ಫೋನ್ ರೂಮಿನಲ್ಲಿರುತ್ತದೆ. ಸೊಪ್ಪು ಬಿಡಿಸುವಾಗ, ಕಾಳು ಹಿತುಕುವಾಗ ಟಿವಿ ಬಂದ್. ಪಾತ್ರೆ ತೊಳೆಯೋಕೆ ಮಾತ್ರ ಹಾಡು ಬೇಕೇ ಬೇಕು. ಪಾತ್ರೆ ಮೇಲೆ ಗಮನ ಇಡೋಕೂ ನೋಡಿದೆ, ಮೂರರ ಮೇಲೆ ಏಳಲಿಲ್ಲ. ಹಾಡಿನ ಜೊತೆ ನಾನೂ ಹಾಡಿಕೊಂಡರೆ ಏಳು ಬರುತ್ತದೆ.